ಮಸ್ಕಿಯ ಬಂಡೆಯಲ್ಲಿ ಸಿಕ್ಕ ಹೆಸರು

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಬೆಳ್ಳಿ ಬಂಗಾರದ ಚೊಕ್ಕತನ ಪರೀಕ್ಷಿಸುವ ಅಧಿಕಾರಿಯಾಗಿದ್ದರು. ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯೂ ಅವರೇ. ಸಾಂಚಿ ಸ್ತೂಪದ ಸುತ್ತಲಿನ ಕಲ್ಲಿನ ಕಟಾಂಜನದ ಮೇಲಿದ್ದ ಪುಟ್ಟ ಪುಟ್ಟ ಬರಹಗಳ ನಕಲುಗಳು ಆ ವರ್ಷ ಅವರ ಕೈಸೇರಿದವು. ಹೆಚ್ಚಿನವು ಒಂದೇ ಸಾಲಿನವು, ಒಂದೊಂದು ಕಂಬಕ್ಕೆ ಒಂದೊಂದು. ಬಹುಪಾಲು ಸಾಲುಗಳ ಕೊನೆಗೆ ಅದೇ ಎರಡು ಅಕ್ಷರ, ಪಕ್ಕದಲ್ಲೊಂದು ಚುಕ್ಕೆ. ಗುಡಿಗೆ ಕಂಬವನ್ನೋ ಮೆಟ್ಟಿಲನ್ನೋ ಮಾಡಿಸಿಕೊಟ್ಟವರು ಅಲ್ಲೇ ತಮ್ಮ ಹೆಸರು ಕೆತ್ತಿಸುವ ರೂಢಿಯನ್ನು ಪ್ರಿನ್ಸೆಪ್ ಕಂಡಿದ್ದರು. ಇವೂ ಅಂಥ ಕಾಣಿಕೆಯ ಬರಹಗಳೇ ಆಗಿದ್ದರೆ ಕೊನೆಯ ಶಬ್ದ ‘ದಾನಂ’ ಇರಬೇಕು. ಹಾಗೆ ದ ಸಿಕ್ಕಿತು, ನ ಸಿಕ್ಕಿತು, ಅನುಸ್ವಾರ ಸಿಕ್ಕಿತು. ಸ್ವರಚಿಹ್ನೆಗಳ ಲೆಕ್ಕಾಚಾರವನ್ನು ಅವರು ಅಲಹಾಬಾದಿನ ಕಂಬ ನೋಡುತ್ತ ಮೂರು ವರ್ಷ ಮೊದಲೇ ಶುರುಮಾಡಿದ್ದರು. ನೂರಾರು ವರ್ಷ ಯಾರೂ ಓದಲಾಗದಿದ್ದ ಬ್ರಾಹ್ಮೀ ಲಿಪಿ ಬಾಯಿಬಿಟ್ಟಿತು. ನಾವಿಂದು ಬರೆಯುವ ಕನ್ನಡ ಅಕ್ಷರಗಳ ಮೂಲವೂ ಅದೇ.

ಮೊದಲು ಓದಿದ ದೊಡ್ಡ ಬರಹ ದೆಹಲಿಯ ಕಂಬದ್ದು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಪ್ರಾ ಎಂಬ ಊರಿನಿಂದ ಕೀಳಿಸಿ ತಂದು ತನ್ನ ಕೋಟೆಯ ಮೇಲೆ ನಿಲ್ಲಿಸಿದ್ದ ಕಂಬ ಅದು. ಆಗ ಕರೆಸಿದ ಪಂಡಿತರಾರಿಗೂ ಅದನ್ನು ಓದಲಾಗಿರಲಿಲ್ಲ. ಪ್ರಿನ್ಸೆಪ್ ಓದಿದಾಗ ಮತ್ತೆ ಮತ್ತೆ ಎದುರಾದದ್ದು ಒಂದೇ ಪೀಠಿಕೆ: ದೇವಾನಂಪಿಯ ಪಿಯದಸಿ ರಾಜ ಹೀಗೆ ಹೇಳುತ್ತಾನೆ.

ರಾಜನ ಮಾತು ತಿಳಿಯಿತು, ರಾಜ ಯಾರೆಂದು ತಿಳಿಯಲಿಲ್ಲ. ವಿಷ್ಣುಪುರಾಣದಲ್ಲಿ ಚಂದ್ರಗುಪ್ತ, ಬಿಂದುಸಾರ, ಅಶೋಕವರ್ಧನ ಎಂದು ಮೌರ್ಯರ ಸಾಲು ಇದೆ. ಪಿಯದಸಿಯಾಗಲಿ ಪ್ರಿಯದರ್ಶಿಯಾಗಲಿ ಆ ಸಾಲಿನಲ್ಲಿಲ್ಲ. ಹುಡುಕಿದಾಗ ಹೊಂದಿಕೆಯಾಗುವಂತೆ ಕಂಡ ಹೆಸರು ಒಂದೇ, ಅದೂ ಸಮುದ್ರದಾಚೆಯದು. ಸಿಂಹಳದ ಅರಸ ದೇವಾನಂಪಿಯ ತಿಸ್ಸ. ಈ ಶಾಸನಗಳು ಅವನವೇ ಇರಬಹುದೆಂದು ಪ್ರಿನ್ಸೆಪ್ ಊಹಿಸಿದರು. ಸಿಂಹಳದ ದೊರೆ ದೆಹಲಿ, ಅಲಹಾಬಾದುಗಳ ತನಕ ಬಂದು ಕಂಬ ನೆಡಿಸಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಆದರೂ ‘ದೇವಾನಂಪಿಯ’ ಎಂಬ ಮಾತು ಅಲ್ಲಿ ಬಿಟ್ಟರೆ ಬೇರೆಲ್ಲೂ ಆಗ ಕಾಣದಿದ್ದುದರಿಂದ ಆ ಊಹೆಗೆ ಆಧಾರವಿಲ್ಲ ಎನ್ನುವಂತಿರಲಿಲ್ಲ.

ಉತ್ತರ ಬಂದದ್ದು ಸಿಂಹಳದಿಂದಲೇ. ಅಲ್ಲಿನ ಸರ್ಕಾರಿ ಸೇವೆಯಲ್ಲಿದ್ದ ಜಾರ್ಜ್ ಟರ್ನರ್ ಪಾಳಿ ಕಲಿತು ‘ಮಹಾವಂಸ’ವನ್ನು ಇಂಗ್ಲಿಷಿಗೆ ತರುತ್ತಿದ್ದರು. ಅದಕ್ಕಿಂತ ಹಳೆಯದಾದ ‘ದೀಪವಂಸ’ದ ಪ್ರತಿಯೊಂದು ಸಯಾಮಿನಿಂದ ಅವರಿಗೆ ಸಿಕ್ಕಿತ್ತು. ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ, ಉಜ್ಜಯಿನಿಯಲ್ಲಿ ಅಧಿಕಾರ ನಡೆಸುತ್ತಿದ್ದ ಪಿಯದಸ್ಸಿ ಬುದ್ಧನ ನಿರ್ವಾಣದ 218 ವರ್ಷಗಳ ಮೇಲೆ ಪಟ್ಟವೇರಿದ ಎಂದು ಅದರಲ್ಲಿತ್ತು. ಬಿಂದುಸಾರನ ಆ ಮಗನನ್ನು ಸಿಂಹಳದ ಗ್ರಂಥಗಳೆಲ್ಲ ಕರೆಯುವುದು ಅಸೋಕ ಎಂದು. ಪಿಯದಸಿ ಎಂದರೆ ಅಶೋಕನೇ! ಟರ್ನರ್ ಅದೇ ವರ್ಷ ಪ್ರಿನ್ಸೆಪ್ ಅವರಿಗೆ ಇದನ್ನು ತಿಳಿಸಿದರು. ಪ್ರಿನ್ಸೆಪ್ ತಮ್ಮ ಊಹೆಯನ್ನು ಕೈಬಿಟ್ಟು ಇದನ್ನು ಒಪ್ಪಿಕೊಂಡರು. 1840ರಲ್ಲಿ, ಇನ್ನೂ ನಲವತ್ತರ ಹರೆಯದಲ್ಲಿ, ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಪಠ್ಯಪುಸ್ತಕಗಳಲ್ಲಿ ಕತೆ ಇಲ್ಲಿಗೆ ಮುಗಿಯುತ್ತದೆ. ನಿಜಕ್ಕೂ ಮುಗಿದಿರಲಿಲ್ಲ. ಅಶೋಕ ಎಂಬ ಹೆಸರು ಇದ್ದದ್ದು ಹಸ್ತಪ್ರತಿಗಳಲ್ಲಿ, ಪಿಯದಸಿ ಎಂಬ ಹೆಸರು ಇದ್ದದ್ದು ಕಲ್ಲಿನಲ್ಲಿ. ಎರಡನ್ನೂ ಕೂಡಿಸುವ ಆಧಾರವೂ ಹಸ್ತಪ್ರತಿಯದೇ, ಅದೂ ಅಶೋಕ ಸತ್ತು ಐದಾರು ಶತಮಾನ ಕಳೆದ ಮೇಲೆ ಬೇರೊಂದು ದ್ವೀಪದಲ್ಲಿ ಕಟ್ಟಿದ ಕೃತಿಯದು. ಕಲ್ಲಿನ ಮೇಲೆ ಎರಡೂ ಹೆಸರು ಜೊತೆಯಾಗಿ ಕಾಣುವ ತನಕ ಅದು ಒಪ್ಪಬಹುದಾದ ಮಾತು ಅಷ್ಟೇ, ಸಾಬೀತಾದ ಮಾತಲ್ಲ.

ಆ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡದೆ ತೊಡಕು ಎಲ್ಲಿತ್ತೆಂದು ಅರ್ಥವಾಗುವುದಿಲ್ಲ.

ದೇವಾನಾಂಪ್ರಿಯ ಎಂದರೆ ದೇವತೆಗಳಿಗೆ ಪ್ರಿಯನಾದವನು. ಸಮಾಸವಾದರೂ ನಡುವಿನ ಷಷ್ಠೀ ವಿಭಕ್ತಿ ಬಿದ್ದುಹೋಗದೆ ಉಳಿದಿದೆ, ವೈಯಾಕರಣರು ಅಲುಕ್ ಸಮಾಸ ಎನ್ನುವುದು ಇದನ್ನೇ. ಇದು ಒಬ್ಬನ ಹೆಸರಲ್ಲ, ಅರಸರಿಗೆ ಸಲ್ಲುತ್ತಿದ್ದ ಬಿರುದು. ಸಿಂಹಳದ ತಿಸ್ಸನಿಗೆ ಇತ್ತು. ಬಿಹಾರದ ನಾಗಾರ್ಜುನಿ ಗುಹೆಗಳನ್ನು ಆಜೀವಕರಿಗೆ ಕೊಟ್ಟ ಅಶೋಕನ ಮೊಮ್ಮಗ ದಶರಥನಿಗೂ ಇತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಅಶೋಕನ ಎಂಟನೆಯ ಬಂಡೆಶಾಸನದಲ್ಲೇ ಇದೆ. ಹಿಂದಿನ ಅರಸರು ಬೇಟೆ, ವಿಹಾರಗಳಿಗೆ ಹೋಗುತ್ತಿದ್ದರು ಎನ್ನುವಲ್ಲಿ ಗಿರ್ನಾರಿನ ಪ್ರತಿ ‘ರಾಜರು’ ಎನ್ನುತ್ತದೆ. ಅದೇ ವಾಕ್ಯದಲ್ಲಿ ಕಾಲ್ಸಿಯ ಪ್ರತಿಯಲ್ಲಿರುವುದು ‘ದೇವಾನಂಪಿಯ’ರು. ಬಿರುದು ಅಷ್ಟು ಸಲೀಸಾಗಿ ರಾಜ ಎಂಬ ಮಾತಿನ ಜಾಗದಲ್ಲಿ ಕೂರುತ್ತಿತ್ತು.

ಮುಂದೆ ಈ ಮಾತಿಗೆ ಬಂದ ಗತಿ ನೋಡಬೇಕು. ಪತಂಜಲಿಯ ಮಹಾಭಾಷ್ಯದಲ್ಲಿ ದೇವಾನಾಂಪ್ರಿಯ ಎಂಬುದು ದೀರ್ಘಾಯು, ಆಯುಷ್ಮಂತ ಎಂಬಂಥ ಗೌರವದ ಮಾತುಗಳ ಸಾಲಿನಲ್ಲಿದೆ. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯಕ್ಕೆ ಬರುವ ಹೊತ್ತಿಗೆ ಅದು ಎದುರು ವಾದಿಯನ್ನು ಚುಚ್ಚುವ ಮಾತು. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯಲ್ಲಿ ಅದರ ಅರ್ಥ ನೇರವಾಗಿ ಮೂರ್ಖ. ಬೌದ್ಧನಾದ ಅಶೋಕನ ಮೇಲಿನ ದ್ವೇಷದಿಂದಲೇ ವೈದಿಕರು ಹೀಗೆ ಮಾಡಿದರು ಎಂದು ವಾದಿಸಿದವರಿದ್ದಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅತಿಯಾಗಿ ಹೊಗಳುವ ಮಾತು ಸವೆದು ಕುಟುಕುವ ಮಾತಾಗುವುದಕ್ಕೆ ದ್ವೇಷವೇ ಬೇಕೆಂದಿಲ್ಲ. ಕನ್ನಡದಲ್ಲಿ ‘ಮಹಾನುಭಾವ’ ಎಂಬುದನ್ನು ನಾವು ಈಗ ಯಾರಿಗೆ, ಯಾವ ದನಿಯಲ್ಲಿ ಹೇಳುತ್ತೇವೆ ಎಂದು ನೆನೆದರೆ ಸಾಕು. ಇಷ್ಟಂತೂ ಖಚಿತ: ಸಂಸ್ಕೃತ ಪಂಡಿತರ ನೆನಪಿನಲ್ಲಿ ದೇವಾನಾಂಪ್ರಿಯ ಎಂಬ ಪದ ಉಳಿದಿತ್ತು, ಅದನ್ನು ಹೊತ್ತಿದ್ದ ರಾಜ ಉಳಿದಿರಲಿಲ್ಲ.

ಪಿಯದಸಿ ಅಥವಾ ಪ್ರಿಯದರ್ಶಿಯ ಜಾತಿ ಬೇರೆ. ಪ್ರೀತಿಯಿಂದ ನೋಡುವವನು ಎಂದು ಒಂದು ಅರ್ಥ. ಕಣ್ಣಿಗೆ ಪ್ರಿಯವಾಗಿ ಕಾಣುವವನು ಎಂದು ಇನ್ನೊಂದು. ಎರಡನೆಯ ಅರ್ಥದ ‘ಪ್ರಿಯದರ್ಶನ’ ಎಂಬ ವಿಶೇಷಣವನ್ನು ವಾಲ್ಮೀಕಿ ರಾಮನಿಗೆ ಬಳಸುತ್ತಾನೆ. ಇದು ಬಿರುದೋ, ಪಟ್ಟವಾದಾಗ ಇಟ್ಟುಕೊಂಡ ಹೆಸರೋ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ನನ್ನ ಒಲವು ಹೆಸರಿನ ಕಡೆಗೆ. ಬರಾಬರ್ ಗುಹೆಗಳಲ್ಲಿ ‘ಲಾಜಾ ಪಿಯದಸಿ’ ಎಂದಷ್ಟೇ ಇದೆ, ದೇವಾನಂಪಿಯ ಇಲ್ಲ. 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಎರಡೂ ಭಾಷೆಗಳಲ್ಲಿರುವ ಶಾಸನ ದೊರೆಯಿತು. ಧರ್ಮ ಎಂಬ ಮಾತಿಗೆ ಕೂಡ ಗ್ರೀಕಿನದೇ ಶಬ್ದ ಹುಡುಕಿದ ಆ ಅನುವಾದಕ ರಾಜನನ್ನು ಮಾತ್ರ ‘ಪಿಯೊದಸ್ಸೆಸ್’ ಎಂದು ಹಾಗೆಯೇ ಬರೆದ. ಬಿರುದಾಗಿದ್ದರೆ ಅರ್ಥ ಮಾಡಿ ಬರೆಯುತ್ತಿದ್ದ. ಹೆಸರಾದ್ದರಿಂದ ಮುಟ್ಟಲಿಲ್ಲ ಎಂದು ನನ್ನ ಎಣಿಕೆ.

ಇನ್ನು ಅಶೋಕ. ಶೋಕವಿಲ್ಲದವನು. ಸಂಸ್ಕೃತದಲ್ಲಿ ಇದಕ್ಕಿಂತ ಸರಳವಾದ ಹೆಸರುಗಳು ಕಡಿಮೆ: ಒಂದು ನಿಷೇಧ, ಒಂದು ನಾಮಪದ. ಆದರೆ ಅದರ ಹಿಂದೆ ಕಟ್ಟಿದ ಕತೆ ಸರಳವಲ್ಲ. ‘ಅಶೋಕಾವದಾನ’ದ ಪ್ರಕಾರ ಅವನ ತಾಯಿ ಚಂಪಾ ನಗರಿಯ ಬ್ರಾಹ್ಮಣನೊಬ್ಬನ ಮಗಳು. ಇವಳ ಹೊಟ್ಟೆಯಲ್ಲಿ ಚಕ್ರವರ್ತಿ ಹುಟ್ಟುತ್ತಾನೆಂದು ಜೋಯಿಸರು ಹೇಳಿದ್ದರಿಂದ ತಂದೆ ಅವಳನ್ನು ಬಿಂದುಸಾರನ ಅರಮನೆಗೆ ಒಪ್ಪಿಸುತ್ತಾನೆ. ಅಂತಃಪುರದ ಹೆಂಗಸರು ಅವಳ ಚೆಲುವಿಗೆ ಹೆದರಿ, ರಾಜನ ಕಣ್ಣಿಗೆ ರಾಣಿಯಾಗಿ ಬೀಳದಂತೆ ಕ್ಷೌರದ ಕೆಲಸ ಕಲಿಸುತ್ತಾರೆ. ಅವಳು ಕ್ಷೌರ ಮಾಡುತ್ತಿದ್ದರೆ ರಾಜನಿಗೆ ಸುಖದ ನಿದ್ದೆ. ಮೆಚ್ಚಿ ವರ ಕೇಳು ಎಂದಾಗ ಅವಳು ತಾನು ಕ್ಷೌರಿಕರವಳಲ್ಲ ಎಂದು ತಿಳಿಸಿ ರಾಣಿಯ ಸ್ಥಾನ ಕೇಳುತ್ತಾಳೆ. ಮಗ ಹುಟ್ಟಿದಾಗ ‘ನಾನೀಗ ಅಶೋಕೆಯಾದೆ’ ಎನ್ನುತ್ತಾಳೆ, ಮಗುವಿಗೆ ಅದೇ ಹೆಸರಾಗುತ್ತದೆ. ಎರಡನೆಯವನು ಹುಟ್ಟಿದಾಗ ವಿಗತಶೋಕ, ಶೋಕ ಕಳೆದುಹೋದವನು. ಅಂದರೆ ಈ ಹೆಸರಿನಲ್ಲಿರುವ ಶೋಕ ಮಗುವಿನದಲ್ಲ, ಹೆತ್ತವಳದು.

ಅದೇ ಕತೆ ಹೆಸರಿನ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಹುಡುಗನ ಮೈ ಮುಟ್ಟಿದರೆ ಒರಟು. ತಂದೆಗೆ ಅವನೆಂದರೆ ಆಗದು. ರಾಜನಾದ ಮೇಲೆ ಅವನಿಗೆ ಅಶೋಕವೃಕ್ಷ ಬಲು ಇಷ್ಟ, ಅದು ತನ್ನದೇ ಹೆಸರಿನ ಮರ. ಅವನನ್ನು ಮುಟ್ಟಲು ಮನಸ್ಸಿಲ್ಲದ ಅಂತಃಪುರದ ಹೆಂಗಸರು ಆ ಮರದ ಹೂವನ್ನೂ ಕೊಂಬೆಯನ್ನೂ ತರಿದು ಹಾಕುತ್ತಾರೆ. ಅವನು ಅವರನ್ನೆಲ್ಲ ಸುಟ್ಟುಬಿಡುತ್ತಾನೆ, ಚಂಡಾಶೋಕ ಎನಿಸಿಕೊಳ್ಳುತ್ತಾನೆ. ಬೌದ್ಧನಾದ ಮೇಲೆ ಧರ್ಮಾಶೋಕ. ಇದು ಇತಿಹಾಸವಲ್ಲ, ದೀಕ್ಷೆಯ ಮಹಿಮೆ ಹೆಚ್ಚಿಸಲು ಮೊದಲಿನ ಬದುಕಿಗೆ ಮಸಿ ಬಳಿದ ಧರ್ಮಕಥೆ. ಆದರೂ ಜನರ ಬಾಯಲ್ಲಿ ಹೆಸರು ಹೇಗೆ ಬಾಳಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ. ಅಶೋಕ ಎಂಬ ಹೆಸರಿಗೆ ಚಂಡ ಎಂದು ಸೇರಿಸಬಹುದಿತ್ತು, ಧರ್ಮ ಎಂದು ಸೇರಿಸಬಹುದಿತ್ತು. ಪ್ರಿಯದರ್ಶಿಗೆ ಯಾರೂ ಏನನ್ನೂ ಸೇರಿಸಲಿಲ್ಲ.

ಏಳನೆಯ ಶತಮಾನದಲ್ಲಿ ಬಂದ ಹ್ಯೂಯೆನ್‌ತ್ಸಾಂಗ್ ಈ ರಾಜನನ್ನು ಚೀನಿ ಭಾಷೆಯಲ್ಲಿ ‘ಚಿಂತೆಯಿಲ್ಲದ ರಾಜ’ ಎಂದು ಅರ್ಥ ಮಾಡಿ ಬರೆದ. ಹನ್ನೆರಡನೆಯ ಶತಮಾನದ ಕುಮಾರದೇವಿಯ ಸಾರನಾಥ ಶಾಸನದಲ್ಲಿ ಅವನು ಧರ್ಮಾಶೋಕ. ಕಲ್ಹಣನ ರಾಜತರಂಗಿಣಿಯಲ್ಲಿ ಶ್ರೀನಗರಿಯನ್ನು ಕಟ್ಟಿಸಿದ ಅಶೋಕನಿದ್ದಾನೆ. ಸಿಂಹಳದ ಗ್ರಂಥಗಳಲ್ಲಿ ಅವನಿಗಿಂತ ಮೊದಲಿನ ಕಾಲಾಶೋಕ ಎಂಬ ಇನ್ನೊಬ್ಬನೂ ಇದ್ದಾನೆ. ಹೀಗೆ ಹೆಸರು ಎಲ್ಲೆಡೆ ಇತ್ತು, ಇಲ್ಲದೆ ಹೋದದ್ದು ಅವನ ಸ್ವಂತ ಶಾಸನಗಳಲ್ಲಿ ಮಾತ್ರ.

ಅದನ್ನೇ ಹಿಡಿದು ಸಂಶಯ ಎತ್ತಿದವರು ಎಚ್. ಎಚ್. ವಿಲ್ಸನ್. ಸಣ್ಣವರಲ್ಲ, ದೊಡ್ಡ ಸಂಸ್ಕೃತ ನಿಘಂಟನ್ನು ಕಟ್ಟಿದವರು, ಆಕ್ಸ್‌ಫರ್ಡಿನ ಸಂಸ್ಕೃತ ಪ್ರಾಧ್ಯಾಪಕರು. ಕಲ್ಕತ್ತೆಯ ಟಂಕಸಾಲೆಯಲ್ಲಿ ಪ್ರಿನ್ಸೆಪ್‌ಗೆ ಮೇಲಧಿಕಾರಿಯಾಗಿದ್ದವರೂ ಹೌದು. ಟಂಕಸಾಲೆಯಲ್ಲೂ ಏಷ್ಯಾಟಿಕ್ ಸೊಸೈಟಿಯಲ್ಲೂ ಅವರು ಬಿಟ್ಟ ಹುದ್ದೆಗಳಿಗೆ ಪ್ರಿನ್ಸೆಪ್ ಬಂದಿದ್ದರು. ಪ್ರಿಯದರ್ಶಿಯೇ ಅಶೋಕ ಎನ್ನಲು ಸಿಂಹಳದ ಪುಸ್ತಕ ಬಿಟ್ಟರೆ ಆಧಾರವೇನಿದೆ ಎಂದು ವಿಲ್ಸನ್ 1850ರ ಹೊತ್ತಿಗೆ ಕೇಳಿದರು. ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. ಗ್ರೀಕ್ ಅರಸರ ಹೆಸರುಗಳು ಶಾಸನದಲ್ಲಿದ್ದುದರಿಂದ ಕಾಲವಂತೂ ಹೊಂದುತ್ತಿತ್ತು. ಆದರೆ ಕಲ್ಲಿನ ಆಧಾರ ತೋರಿಸಿ ವಿಲ್ಸನ್ ಅವರಿಗೆ ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ.

ವಿಚಿತ್ರವೆಂದರೆ ಎರಡೂ ಹೆಸರಿರುವ ಒಂದು ಬಂಡೆ ಎಲ್ಲರ ಕಣ್ಣೆದುರಿಗೇ ಇತ್ತು. ಗುಜರಾತಿನ ಜುನಾಗಢದಲ್ಲಿ ಗಿರ್ನಾರ್ ಬೆಟ್ಟಕ್ಕೆ ಹೋಗುವ ದಾರಿಯ ಬಂಡೆ ಅದು. ಅದರ ಒಂದು ಮೈಯಲ್ಲಿ ದೇವಾನಂಪಿಯ ಪಿಯದಸಿಯ ಹದಿನಾಲ್ಕು ಶಾಸನಗಳು. ಇನ್ನೊಂದು ಕಡೆ ಸುಮಾರು ಕ್ರಿ.ಶ. 150ರಲ್ಲಿ ಶಕರ ಮಹಾಕ್ಷತ್ರಪ ರುದ್ರದಾಮನ ಕೆತ್ತಿಸಿದ ಸಂಸ್ಕೃತ ಶಾಸನ. ಸುದರ್ಶನ ಎಂಬ ಕೆರೆಯ ಕಟ್ಟೆ ಮಳೆಗೆ ಒಡೆದದ್ದು, ಅದನ್ನು ಮತ್ತೆ ಕಟ್ಟಿಸಿದ್ದು ಅದರ ವಿಷಯ. ಕೆರೆಯನ್ನು ಮೊದಲು ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ, ಕಾಲುವೆಗಳನ್ನು ಮಾಡಿಸಿದವನು ಅಶೋಕ ಮೌರ್ಯನ ಪರವಾಗಿ ಯವನರಾಜ ತುಷಾಸ್ಫ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮೌರ್ಯ ಅಶೋಕನೆಂಬ ರಾಜನಿದ್ದ ಎನ್ನುವುದು ಇದರಿಂದ ಗಟ್ಟಿಯಾಯಿತು. ಆದರೆ ಪಕ್ಕದ ಮೈಯಲ್ಲಿರುವ ಪಿಯದಸಿಯೂ ಅವನೇ ಎನ್ನಲು ಅದರಲ್ಲಿ ಒಂದು ಅಕ್ಷರವೂ ಇಲ್ಲ.

ದಕ್ಷಿಣದಲ್ಲಿ ಅಶೋಕನ ಶಾಸನಗಳಿವೆ ಎಂದು ಗೊತ್ತಾದದ್ದು 1892ರಲ್ಲಿ. ಮೈಸೂರು ಸಂಸ್ಥಾನದ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರು ಪ್ರತಿಗಳನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಓದಲು ಬಾರದಿದ್ದರೂ ಅದು ಬರಹವೆಂದು ಅವರಿಗೆ ತಿಳಿದಿತ್ತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ ದೇವಾನಂಪಿಯನ ಅಪ್ಪಣೆಯನ್ನು ಮುಟ್ಟಿಸಿದ ಒಕ್ಕಣೆ ಅದರಲ್ಲಿದೆ. ಕೊನೆಗೆ ಬರೆದವನ ಹೆಸರು ಚಪಡ. ‘ಲಿಪಿಕಾರ’ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಲಿಪಿಕಾರನ ಹೆಸರು ಸಿಕ್ಕಿತು, ರಾಜನ ಹೆಸರು ಸಿಗಲಿಲ್ಲ.

ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಾಲುಕ್ಯರ ಶಾಸನದಲ್ಲಿ ಪಿರಿಯ ಮೊಸಂಗಿ ಎಂದು ಬರುವ ಊರು ಇದೇ. ಆಗ ನಿಜಾಮರ ಸಂಸ್ಥಾನದೊಳಗಿತ್ತು. ಈ ಸೀಮೆಯ ನೆಲದಲ್ಲಿ ಬಂಗಾರವಿದೆ. ಹತ್ತಿರದ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆಯುತ್ತಿದೆ, ಸುತ್ತಮುತ್ತ ಬಹು ಹಳೆಯ ಕಾಲದಲ್ಲಿ ತೋಡಿದ ಗುಂಡಿಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿ ಪ್ರಾಚೀನ ನೆಲೆಯ ಕುರುಹುಗಳನ್ನು ಗುರುತಿಸಿದ್ದರು. ಆದರೆ ಬರಹ ಕಂಡವರು ನಿಜಾಮರ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್. ದುರ್ಗದ ಗುಡ್ಡದಲ್ಲಿ ಬಂಡೆಗಳ ನಡುವಿನ ಗವಿಯಂಥ ಎಡೆಯಲ್ಲಿ ಎಂಟು ಸಾಲಿನ ಸವೆದ ಅಕ್ಷರಗಳು ಅವರ ಕಣ್ಣಿಗೆ ಬಿದ್ದವು. ಅದು ಅವರ ಕಸುಬಲ್ಲ, ಅವರು ಹುಡುಕುತ್ತಿದ್ದದ್ದೂ ಅದಲ್ಲ. ಕಂಡದ್ದನ್ನು ತಿಳಿದವರಿಗೆ ಮುಟ್ಟಿಸಿದರು. ಅಷ್ಟು ಮಾಡಿದ್ದಕ್ಕೆ ನಾವು ಅವರನ್ನು ನೆನೆಯಬೇಕು.

ಓದಿದವರು ಸರ್ಕಾರದ ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು. ವಿಷಯ ಹೊಸದಲ್ಲ. ರೂಪನಾಥ, ಸಹಸ್ರಾಮ್, ಬ್ರಹ್ಮಗಿರಿಗಳಲ್ಲಿ ಮೊದಲೇ ಕಂಡಿದ್ದ ಕಿರುಬಂಡೆ ಶಾಸನದ ಇನ್ನೊಂದು ಪ್ರತಿ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷವಾಯಿತು, ಸಂಘದ ಸಂಪರ್ಕಕ್ಕೆ ಬಂದು ವರ್ಷದ ಮೇಲಾಯಿತು, ಈಗ ಗಟ್ಟಿಯಾಗಿ ಪ್ರಯತ್ನಿಸುತ್ತಿದ್ದೇನೆ ಎಂಬ ನಿವೇದನೆ. ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವರಿಗೂ ಇದು ದಕ್ಕುತ್ತದೆ, ಇಬ್ಬರಿಗೂ ಹೇಳಿ ಎಂಬ ಅಪ್ಪಣೆ. ಹೊಸದಾದದ್ದು ಮೊದಲ ಸಾಲು. ಉಳಿದೆಡೆ ‘ದೇವಾನಂಪಿಯ ಹೀಗೆನ್ನುತ್ತಾನೆ’ ಎಂದು ಇರುವ ಜಾಗದಲ್ಲಿ ಇಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದಿದೆ. ದೇವಾನಾಂಪ್ರಿಯನಾದ ಅಶೋಕನ, ಅಂದರೆ ಅವನ ಮಾತು. ಕೃಷ್ಣಶಾಸ್ತ್ರಿಗಳ ಓದು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಹೊರಬಂತು.

ಪ್ರಿನ್ಸೆಪ್ ಕೇಳಿದ ಪ್ರಶ್ನೆಗೆ ಎಪ್ಪತ್ತೆಂಟು ವರ್ಷಗಳ ಮೇಲೆ ಕಲ್ಲೇ ಉತ್ತರ ಕೊಟ್ಟಿತು. ಶಾಸನತಜ್ಞ ಹುಲ್ಟ್ಜ್ 1925ರಲ್ಲಿ ಅಶೋಕನ ಶಾಸನಗಳ ಸಂಪುಟ ಪ್ರಕಟಿಸಿದಾಗ ಮಸ್ಕಿಯ ಪಾಠ ಅದರಲ್ಲಿ ಸೇರಿತ್ತು. ಆದರೂ ಹಟ ಹಿಡಿದವರು ಒಂದು ಮಾತು ಹೇಳಬಹುದಿತ್ತು: ಮಸ್ಕಿಯಲ್ಲಿ ದೇವಾನಂಪಿಯ ಮತ್ತು ಅಶೋಕ ಇವೆ, ಪಿಯದಸಿ ಎಲ್ಲಿ? ಆ ಬಾಗಿಲೂ 1950ರ ದಶಕದಲ್ಲಿ ಮುಚ್ಚಿತು. ಮಧ್ಯಪ್ರದೇಶದ ದತಿಯಾ ಜಿಲ್ಲೆಯ ಗುಜರ್ರಾದಲ್ಲಿ ಸಿಕ್ಕ ಪ್ರತಿಯಲ್ಲಿ ಮೂರೂ ಒಟ್ಟಿಗಿವೆ: ದೇವಾನಂಪಿಯ, ಪಿಯದಸಿ, ಅಸೋಕರಾಜ. ವಿಲ್ಸನ್ ಕೇಳಿದ್ದ ಪುರಾವೆ ಸರಿಯಾಗಿ ಇದೇ. ಆಮೇಲೆ 1970ರ ದಶಕದ ಕೊನೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳಂಗಳಲ್ಲಿ ‘ರಾಜಾ ಅಸೋಕೊ’ ಎಂಬ ಒಕ್ಕಣೆಯ ಬಂಡೆಗಳು ಪತ್ತೆಯಾದವು. ಹೀಗೆ ಅಶೋಕನ ಹೆಸರುಳ್ಳ ಅವನದೇ ಶಾಸನಗಳಿರುವ ಊರುಗಳು ನಾಲ್ಕು. ಅವುಗಳಲ್ಲಿ ಮೂರು ಕರ್ನಾಟಕದವು, ಮೂರೂ ಕೃಷ್ಣೆ ತುಂಗಭದ್ರೆಗಳ ಸೀಮೆಯವು.

ಹೆಸರಿನ ಜೊತೆಗೆ ಆಕೃತಿ ಸಿಕ್ಕಿದ್ದೂ ನಮ್ಮಲ್ಲೇ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು 1980ರ ದಶಕದಲ್ಲಿ ತಿಳಿಯಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ದೊಡ್ಡ ಸ್ತೂಪವೊಂದರ ಕಲ್ಲುಹಲಗೆಗಳು ಹೊರಬಂದವು. ಅವುಗಳಲ್ಲೊಂದರ ಮೇಲೆ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಚಾಮರ ಹಿಡಿದ ಸೇವಕಿಯರು, ಮೇಲೆ ‘ರಾಯಾ ಅಸೋಕೊ’ ಎಂಬ ಬ್ರಾಹ್ಮೀ ಬರಹ. ಇದು ಅವನ ಕಾಲಕ್ಕಿಂತ ಶತಮಾನಗಳ ಈಚಿನದು, ಆದ್ದರಿಂದ ಮುಖದ ಹೋಲಿಕೆ ಹುಡುಕುವುದು ವ್ಯರ್ಥ. ಇಲ್ಲಿ ಗಮನಿಸಬೇಕಾದದ್ದು ಹೆಸರು. ಶಾತವಾಹನರ ಕಾಲದ ಶಿಲ್ಪಿಗೆ, ಸ್ತೂಪ ನೋಡಲು ಬರುವ ಜನಕ್ಕೆ ಅವನು ದೇವಾನಂಪಿಯನೂ ಅಲ್ಲ, ಪಿಯದಸಿಯೂ ಅಲ್ಲ. ಬಿರುದುಗಳೆಲ್ಲ ಅಷ್ಟರಲ್ಲೇ ಉದುರಿ ತಾಯಿ ಇಟ್ಟ ಹೆಸರೊಂದೇ ನಿಂತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಹೆಸರಿಗೆ ಬಂದ ಎರಡನೆಯ ಬದುಕು ನಮಗೆಲ್ಲ ಗೊತ್ತಿರುವುದೇ. ಕುಮುದ್‌ಲಾಲ್ ಗಂಗೂಲಿ ಎಂಬ ಯುವಕ 1936ರಲ್ಲಿ ತೆರೆಗೆ ಬರುವಾಗ ಬಾಂಬೆ ಟಾಕೀಸ್ ಅವನನ್ನು ಅಶೋಕ್ ಕುಮಾರ್ ಮಾಡಿತು. 1947ರ ಜುಲೈ 22ರಂದು ಸಾರನಾಥದ ಚಕ್ರ ಬಾವುಟಕ್ಕೆ ಬಂತು, 1950ರ ಜನವರಿ 26ರಿಂದ ಅಲ್ಲಿನದೇ ಸಿಂಹಗಳು ದೇಶದ ಮುದ್ರೆಯಾದವು. ಶಾಲೆಯ ಹಾಜರಿ ಪುಸ್ತಕಗಳಲ್ಲಿ ಅಶೋಕರು ತುಂಬಿಕೊಂಡರು. ಪ್ರಿಯದರ್ಶಿಗೂ ಪಾಲು ಸಿಕ್ಕಿತು, ಹೆಚ್ಚಾಗಿ ಪ್ರಿಯದರ್ಶಿನಿ ಎಂದು ಹೆಣ್ಣುಮಕ್ಕಳ ಹೆಸರಾಗಿ. 1917ರಲ್ಲಿ ಹುಟ್ಟಿದ ಇಂದಿರಾ ನೆಹರೂ ಅವರ ಎರಡನೆಯ ಹೆಸರು ಅದು. ದೇವಾನಾಂಪ್ರಿಯ ಎಂದು ಮಾತ್ರ ಯಾರೂ ಮಗುವಿಗೆ ಹೆಸರಿಡಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಪಾಟಲಿಪುತ್ರದ ಸುತ್ತಮುತ್ತ ಎಲ್ಲೂ ಇಲ್ಲದ ಹೆಸರು ಇಲ್ಲೇ ಏಕೆ ಸಿಕ್ಕಿತು?

ಶಾಸನಗಳ ತಲೆಬರಹವನ್ನು ರಾಜ ಬರೆಯಲಿಲ್ಲ ಎನ್ನುವುದನ್ನು ಮೊದಲು ಮನಸ್ಸಿನಲ್ಲಿಡಬೇಕು. ರಾಜನ ಮಾತು ಓಲೆಯಾಗಿ ಹೊರಟು ಅಧಿಕಾರಿಗಳ ಕೈಸೇರಿತು. ಬಂಡೆ ಆರಿಸಿ, ಮುಂದೊಂದು ಒಕ್ಕಣೆ ಹಾಕಿ ಕೆತ್ತಿಸಿದವರು ಸ್ಥಳೀಯ ಅಧಿಕಾರಿಗಳು. ಹಾಗಾಗಿಯೇ ಒಂದೇ ಶಾಸನದ ಆರಂಭ ಊರೂರಿಗೆ ಬೇರೆ. ಮಗಧದಲ್ಲಿ ದೇವಾನಂಪಿಯ ಎಂದರೆ ಸಾಕು, ಯಾವ ರಾಜನೆಂದು ಕೇಳುವವರಿಲ್ಲ. ಮಸ್ಕಿ, ನಿಟ್ಟೂರಿನ ಜನಕ್ಕೆ ಆ ಬಿರುದು ಪರಭಾಷೆಯ ಮಾತು. ಬಂಗಾರದ ಮೇಲೆ ಕಣ್ಣಿಟ್ಟು ಉತ್ತರದಿಂದ ಬಂದ ಹೊಸ ಆಡಳಿತದ ಮಾತು. ಓದಿ ಹೇಳುವವನಿಗೆ ಜನ ಕೇಳುವ ಮೊದಲ ಪ್ರಶ್ನೆ, ಯಾರು ಹೇಳಿದ್ದು ಇದನ್ನು? ಉತ್ತರವಾಗಿ ಹೆಸರೇ ಬೇಕಾಯಿತು. ಬ್ರಹ್ಮಗಿರಿಯಲ್ಲಿ ಆ ಅಗತ್ಯ ಬೀಳಲಿಲ್ಲ, ಅಲ್ಲಿನದು ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಬರೆದದ್ದು. ಬಲ್ಲವರು ಬಲ್ಲವರಿಗೆ ಬರೆಯುವಾಗ ಬಿರುದು ಸಾಕು.

ಇದಕ್ಕೆ ತೊಡಕುಗಳಿವೆ ಎಂಬುದನ್ನು ಮುಚ್ಚಿಡಲಾರೆ. ಗುಜರ್ರಾ ದಕ್ಷಿಣದಲ್ಲಿಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಪ್ರತಿಗಳಲ್ಲಿ ಬ್ರಹ್ಮಗಿರಿಯ ಮುಖಪತ್ರವೂ ಇಲ್ಲ, ಅಶೋಕನೆಂಬ ಹೆಸರೂ ಇಲ್ಲ, ಅವೂ ಇದೇ ಸೀಮೆಯವು. ಆದರೆ ಗುಜರ್ರಾ ಕೂಡ ರಾಜಧಾನಿಯಿಂದ ಬಹು ದೂರದ ಕಾಡುಸೀಮೆಯೇ. ಹೆಸರಿರುವ ನಾಲ್ಕೂ ಕಡೆ ಇರುವುದು ಕಿರುಬಂಡೆ ಶಾಸನಗಳು ಎನ್ನುವುದನ್ನೂ ಮರೆಯುವಂತಿಲ್ಲ. ರಾಜ ತನ್ನ ದೀಕ್ಷೆಯ ಬಗ್ಗೆ, ತನ್ನ ಪ್ರಯತ್ನದ ಬಗ್ಗೆ, ಶಾಸನ ಬರೆಸಲು ತೊಡಗಿದ ಮೊದಲ ದಿನಗಳಲ್ಲಿ ಆಡಿದ ಮಾತುಗಳವು. ಒಕ್ಕಣೆಗಳ ಶೈಲಿ ಇನ್ನೂ ಗಟ್ಟಿಯಾಗಿರಲಿಲ್ಲ. ಮುಂದೆ ಹದಿನಾಲ್ಕು ಬಂಡೆಶಾಸನಗಳು, ಕಂಬಶಾಸನಗಳು ಬರುವ ಹೊತ್ತಿಗೆ ‘ದೇವಾನಂಪಿಯ ಪಿಯದಸಿ’ ಎಂಬುದು ಅಚ್ಚಿಗೆ ಹೊಯ್ದಂತೆ ನಿಂತುಬಿಟ್ಟಿತು, ಅದರಾಚೆ ಹೋಗುವ ಸ್ವಾತಂತ್ರ್ಯ ಯಾವ ಅಧಿಕಾರಿಗೂ ಉಳಿಯಲಿಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳಗಳ ಗುಡ್ಡಗಳಲ್ಲಿ ಇನ್ನೊಂದು ಕಿರುಬಂಡೆ ಶಾಸನ ಸಿಕ್ಕರೆ ಈ ಊಹೆ ನಿಲ್ಲುತ್ತದೋ ಬೀಳುತ್ತದೋ ಅದರ ಮೊದಲ ಸಾಲು ಹೇಳುತ್ತದೆ.